ಮೂರು ಚುಕ್ಕೆಯ ಗುರಿಗಾಜು

ಸ್ಯಾಂಡಿ ಫೋರ್ಡ್ ಊರಿನಲ್ಲಿ ಗಂಡಸಿನ ಮಾನ ಇರುವುದು ಅವನ ಅಂಗಿಯ ಹಿಂದಿನ ತುದಿಯಲ್ಲಿ. ವಸಂತದಲ್ಲಿ ಕಾಡಿನ ಟರ್ಕಿ ಕೋಳಿಯ ಹುಂಜದ ಬೇಟೆಗೆ ಹೋಗಿ ಗುರಿ ತಪ್ಪಿದವನನ್ನು ಹಿಡಿದು ನಿಲ್ಲಿಸಿ, ಅವನ ಅಂಗಿಯ ಬಾಲವನ್ನು ಕತ್ತರಿಯಿಂದ ಚಕ್ಕನೆ ಕತ್ತರಿಸಿ, ಅದರ ಮೇಲೆ ಹೆಸರು ಇಸವಿ ಬರೆದು, ಥರ್ಮನ್‌ನ ಅಂಗಡಿಯ ಗೋಡೆಗೆ ಮೊಳೆ ಹೊಡೆಯುತ್ತಾರೆ. ಈ ತೀರ್ಪಿಗೆ ಮೇಲ್ಮನವಿ ಇಲ್ಲ. ಪಾದ್ರಿಗೂ ರಿಯಾಯಿತಿ ಇಲ್ಲ.

ಡೆನ್‌ಜಿಲ್ ಸ್ಟಬಲ್‌ಫೀಲ್ಡ್‌ನ ಮೂರು ಬಾಲಗಳು ಆ ಗೋಡೆಯ ಮೇಲಿದ್ದವು. ಒಂದು ನೀಲಿ ಚೌಕಳಿ, ಒಂದು ಕಂದು, ಮೂರನೆಯದು ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಹೆಂಡತಿ ವರ್ಲೀನ್ ಕೊಟ್ಟ ಹಸಿರು ಫ್ಲ್ಯಾನಲ್. ಮೂರು ವಸಂತ, ಮೂರು ಗುಂಡು, ಹುಂಜ ಮಾತ್ರ ಒಂದೇ.

ಹಾಗೆಂದು ಅವನನ್ನು ತೀರಾ ಕೈಲಾಗದವನೆಂದು ತಿಳಿಯಬಾರದು. ಹುಲ್ಲು ಕತ್ತರಿಸುವ ಯಂತ್ರ ಕೆಟ್ಟರೆ ಊರೆಲ್ಲ ಅವನ ಕೊಟ್ಟಿಗೆಗೇ ತರುತ್ತಿತ್ತು. ಹುಂಜವನ್ನು ಕೂಗಿ ಕರೆಯುವುದರಲ್ಲಂತೂ ಅವನ ಸಮ ಇನ್ನೊಬ್ಬನಿಲ್ಲ. ಅಂಗೈಯಷ್ಟು ಮರದ ಪೆಟ್ಟಿಗೆಯ ಮುಚ್ಚಳವನ್ನು ಅಂಚಿಗೆ ಉಜ್ಜಿ ಅವನು ಹೆಣ್ಣು ಟರ್ಕಿಯ ದನಿ ತೆಗೆದರೆ, ಎರಡು ಗುಡ್ಡದಾಚೆಯ ಹುಂಜವೂ ಕೆಲಸ ಬಿಟ್ಟು ಬರುತ್ತಿತ್ತು. ಬಂದು, ಎದೆಯುಬ್ಬಿಸಿ ನಿಂತು, ಇವನ ಬಂದೂಕಿನ ಸದ್ದು ಕೇಳಿ, ಕ್ಷೇಮವಾಗಿ ಮನೆಗೆ ಮರಳುತ್ತಿತ್ತು.

ಆ ಹುಂಜ ವಾಸವಿದ್ದದ್ದು ಮಿಸ್ ಐಡಬೆಲ್ ಕ್ರೌಚ್ ಎಂಬ ಎಂಬತ್ತನಾಲ್ಕು ವರ್ಷದ ಮುದುಕಿಯ ಕೊಳ್ಳದಲ್ಲಿ. ಮದುವೆಯಾಗಿ ಗಂಡ ಸತ್ತಿದ್ದರೂ ಊರು ಮರ್ಯಾದೆಗೆ ಅವಳನ್ನು ಮಿಸ್ ಎಂದೇ ಕರೆಯುತ್ತಿತ್ತು. ಎರಡು ಗುಡ್ಡಗಳ ನಡುವೆ ಓಕ್ ಮರ ತುಂಬಿದ ನೂರು ಎಕರೆ. ಅಲ್ಲಿ ಬೇಟೆಯಾಡುವ ಅಪ್ಪಣೆ ಒಂದು ಕಾಲಕ್ಕೆ ಒಬ್ಬನಿಗೆ ಮಾತ್ರ. ಡೆನ್‌ಜಿಲ್‌ನ ಅಪ್ಪನಿಗಿತ್ತು, ಅವನ ನಂತರ ಡೆನ್‌ಜಿಲ್‌ಗೆ ಬಂತು. ಕಾಣಿಕೆ ತಟ್ಟೆ ಹಿಡಿದು ಚರ್ಚಿನ ನಡುದಾರಿಯಲ್ಲಿ ಬರುವ ಹಿರಿಯರಂತೆ ಎದೆ ಮುಂದುಮಾಡಿ ನಡೆಯುತ್ತಿದ್ದುದರಿಂದ ಮಿಸ್ ಐಡಬೆಲ್ ಆ ಹುಂಜಕ್ಕೆ ಡೀಕನ್ ಎಂದು ಹೆಸರಿಟ್ಟಿದ್ದಳು. ಹೆಸರು ಮರ್ಯಾದೆಯದಾದರೂ ನಡತೆ ಹಾಗಿರಲಿಲ್ಲ. ಅವಳ ಕಾರಿನ ಕನ್ನಡಿಯಲ್ಲಿ ತನ್ನ ಮುಖ ಕಂಡು ವೈರಿ ಎಂದುಕೊಂಡು ಎರಡು ಕನ್ನಡಿ ಒಡೆದಿತ್ತು. ಸ್ಟ್ರಾಬೆರಿ ಮಡಿ ಕೆದಕಿತ್ತು. ಅಂಚೆಯವಳನ್ನು ಗೇಟಿನವರೆಗೂ ಅಟ್ಟಿಸಿಕೊಂಡು ಹೋಗಿತ್ತು.

ಬೇಟೆಯ ಕಾಲ ಶುರುವಾಗಲು ಒಂದು ವಾರವಿರುವಾಗ ಅವಳು ಡೆನ್‌ಜಿಲ್‌ನನ್ನು ಜಗಲಿಗೆ ಕರೆಸಿದಳು.

"ಕೇಳು ಡೆನ್‌ಜಿಲ್. ಮೂರು ವರ್ಷ ನೋಡ್ದೆ. ಈ ಸಲ ಕೊನೇ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಬೇಟೆ ಮುಗಿಯುತ್ತಲ್ಲ, ಅಷ್ಟರೊಳಗೆ ಆ ಡೀಕನ್ ನನ್ನ ಅಂಗಳದಿಂದ ತೊಲಗಿರ್ಬೇಕು. ಇಲ್ಲಾಂದ್ರೆ ಕೊಳ್ಳ ರಾಯ್ಸ್‌ಗೆ ಕೊಡ್ತೀನಿ."

"ರಾಯ್ಸ್‌ಗಾ?"

"ಅವನು ಗುರಿ ತಪ್ಪಲ್ವಂತೆ. ಅವನೇ ಹೇಳಿದ."

ರಾಯ್ಸ್ ಎಂದರೆ ವರ್ಲೀನಳ ತಮ್ಮ. ಹೊಸ ಟ್ರಕ್ಕು, ಹೊಸ ಟೋಪಿ, ಪ್ರತಿ ಮಾತಿಗೂ ಒಂದು ನಗು. ಅಪ್ಪನ ಜೊತೆ ಏಳನೇ ವಯಸ್ಸಿನಿಂದ ಕೂತ ಮರದ ಬುಡದಲ್ಲಿ ರಾಯ್ಸ್ ಕಾಲು ಚಾಚಿ ಕೂತದ್ದು ಡೆನ್‌ಜಿಲ್‌ನ ಕಣ್ಣಿಗೆ ಕಟ್ಟಿತು. ಅವನು ನೆಟ್ಟಗೆ ಥರ್ಮನ್‌ನ ಅಂಗಡಿಗೆ ನಡೆದ.

ಥರ್ಮನ್‌ನ ಅಂಗಡಿಯಲ್ಲಿ ಕೋಳಿಕಾಳು, ಮೀನಿನ ಗಾಳ, ಬಂದೂಕು, ಕಾಫಿ ಎಲ್ಲವೂ ಸಿಗುತ್ತದೆ. ಕಾಫಿ ಪುಕ್ಕಟೆ, ಅದಕ್ಕೆ ತಕ್ಕಂತೆಯೇ ಇರುತ್ತದೆ.

"ನಿಂದು ತೊಂದ್ರೆ ಏನ್ ಗೊತ್ತಾ?" ಎಂದ ಥರ್ಮನ್. "ಹಾರಿಸೋ ಹೊತ್ತಿಗೆ ಹುಂಜ ನೋಡೋಕೆ ತಲೆ ಎತ್ತುತೀಯ. ಕೆನ್ನೆ ಬಂದೂಕಿಂದ ಬಿಡುತ್ತೆ, ಗುಂಡು ಆಕಾಶಕ್ಕೆ ಹೋಗುತ್ತೆ. ನಿಂಗೆ ಬೇಕಾಗಿರೋದು ಚುಕ್ಕೆಯ ಗುರಿಗಾಜು. ಗಾಜಿನೊಳಗೆ ಒಂದು ಕೆಂಪು ಚುಕ್ಕೆ ಕಾಣುತ್ತೆ. ಚುಕ್ಕೆ ಹುಂಜದ ಕತ್ತಿನ ಮೇಲಿಡು, ಬಂದೂಕಿನ ಕುದುರೆ ಎಳಿ, ಮನೆಗೆ ಹೋಗು."

ಮೂರು ಡಬ್ಬಿ ತೆಗೆದಿಟ್ಟ. ಮೊದಲನೆಯದಕ್ಕೆ ನಾಲ್ಕು ನೂರು ಡಾಲರ್. ಡೆನ್‌ಜಿಲ್ ಅದನ್ನು ಮುಟ್ಟಲಿಲ್ಲ. ದೂರದಿಂದಲೇ ಗೌರವ ಸಲ್ಲಿಸಿದ. ಎರಡನೆಯದು ನೂರೈವತ್ತು. ಮೂರನೆಯದು ಪ್ಲಾಸ್ಟಿಕ್ ಹೊದಿಕೆಯೊಳಗೆ ಕೂತಿತ್ತು. ನಲವತ್ತು ಡಾಲರ್‌ಗೆ ಐದು ಸೆಂಟು ಕಡಿಮೆ.

"ಇದಕ್ಕೂ ಅದಕ್ಕೂ ಏನ್ ವ್ಯತ್ಯಾಸ?"

"ದುಬಾರಿದು ಹತ್ತು ವರ್ಷ ಬ್ಯಾಟರಿ ಬದಲಾಯ್ಸೋದು ಬೇಡ, ಮಳೇಲಿ ನೆನೆದ್ರೂ ಮಂಜು ಹಿಡಿಯಲ್ಲ."

"ಹುಂಜಕ್ಕೆ ಹತ್ತು ವರ್ಷ ಬೇಡ. ಮೂರು ವಾರ ಸಾಕು. ಬಂದೂಕಿನ ಒದೆ ತಡೆಯುತ್ತಾ?"

"ತಡೆಯುತ್ತೆ ಅಂತ ಡಬ್ಬಿ ಮೇಲೆ ಬರೆದಿದೆ," ಎಂದ ಥರ್ಮನ್ ಎಚ್ಚರಿಕೆಯಿಂದ. ಅವನ ಬಳಿ ಅಂಥವು ಒಂದು ಡಜನ್ ಬಂದು ಎರಡು ವರ್ಷವಾಗಿತ್ತು, ಒಂದೂ ಹೋಗಿರಲಿಲ್ಲ.

ಡೆನ್‌ಜಿಲ್ ಮೂರನೆಯದನ್ನೇ ಕೊಂಡ. ಥರ್ಮನ್ ಅದನ್ನು ಬಂದೂಕಿನ ಬೆನ್ನಿಗೆ ಬಿಗಿದು, ಅಂಗಡಿಯ ಹಿತ್ತಲಲ್ಲಿ ಎರಡು ಗುಂಡು ಹಾರಿಸಿ, ತಿರುಪು ತಿರುಗಿಸಿ ಗುರಿ ಹೊಂದಿಸಿ ಕೊಟ್ಟ. ಅಲ್ಲಿಗೆ ಎಲ್ಲ ಸರಿಯಾಗಿತ್ತು. ಡೆನ್‌ಜಿಲ್ ಮನೆಗೆ ಬಂದು, ಬಂದೂಕನ್ನು ಕೆನ್ನೆಗೆ ಒತ್ತಿ, ಗಾಜಿನೊಳಗೆ ಕಣ್ಣಿಟ್ಟ.

ಚುಕ್ಕೆ ಮೂರಿದ್ದವು.

ಒಂದು ನಡುವೆ, ಒಂದು ಎಡಕ್ಕೆ ಕೊಂಚ ಮೇಲೆ, ಒಂದು ಬಲಕ್ಕೆ ಕೊಂಚ ಕೆಳಗೆ. ಕಣ್ಣು ಉಜ್ಜಿ ನೋಡಿದ, ಮೂರು. ಗಾಜು ಒರೆಸಿ ನೋಡಿದ, ಮೂರು. ಮರುದಿನ ಬೆಳಿಗ್ಗೆ ಗುರಿಗಾಜು ಬದಲಾಯಿಸಿ ಕೊಡು ಎಂದು ಕೇಳಲು ಬಂದೂಕಿನ ಸಮೇತ ಅಂಗಡಿಗೆ ಹೋದ. ಆದರೆ ಅಲ್ಲಿ ಒಲೆಯ ಪಕ್ಕ ಕಾಲಿನ ಮೇಲೆ ಕಾಲು ಹಾಕಿಕೊಂಡು ರಾಯ್ಸ್ ಕೂತಿದ್ದ.

"ಓಹೋ ಭಾವ! ನಲವತ್ತು ಡಾಲರಿನ ಮಾಲು ಒಂದೇ ರಾತ್ರೀಲಿ ಕೆಟ್ಟೋಯ್ತಾ? ವಾಪಸ್ ಕೊಡೋಕೆ ಬಂದ್ರಾ?"

ಡೆನ್‌ಜಿಲ್‌ಗೆ ಮೈಯೆಲ್ಲ ಉರಿಯಿತು. ಮನುಷ್ಯನ ಬಾಯಿ ಇಂಥ ಹೊತ್ತಿನಲ್ಲಿ ಬುದ್ಧಿಯನ್ನು ಕೇಳಿ ತೆರೆಯುವುದಿಲ್ಲ.

"ಕೆಡೋದಾ? ತೋರಿಸೋಕೆ ತಂದೆ ಕಣಯ್ಯ. ಇದು ಹೊಸ ತರದ್ದು. ಮೂರು ಚುಕ್ಕೆದು."

"ಮೂರು ಚುಕ್ಕೆನಾ?"

"ಒಂದು ತಲೆಗೆ, ಒಂದು ಕತ್ತಿಗೆ, ಒಂದು ಓಡೋಕೆ ಹೊರಟ್ರೆ."

ಮೂಲೆಯಲ್ಲಿದ್ದ ಮುದುಕ ಬ್ಯೂಯೆಲ್ ಎದ್ದು ಬಂದ. ಖಾಲಿ ಬಂದೂಕನ್ನು ಕಿಟಕಿಯತ್ತ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಅವನಿಗೆ ಕಂಡದ್ದು ಒಂದು ಚುಕ್ಕೆ. ಆದರೆ ಕಳೆದ ವರ್ಷ ಅವನ ಹೆಣ್ಣುಮಕ್ಕಳು, ಅಪ್ಪನ ಕಣ್ಣು ಮಂಜಾಗಿದೆ ಎಂದು ಟ್ರಕ್ಕಿನ ಕೀಲಿ ಕಿತ್ತುಕೊಂಡಿದ್ದರು. ಒಂದು ಎಂದು ಅವನು ಹೇಳಿದರೆ ಸಂಜೆಯೊಳಗೆ ಸುದ್ದಿ ಮನೆ ಸೇರುತ್ತದೆ.

"ಮೂರು," ಎಂದ ಬ್ಯೂಯೆಲ್ ಗಟ್ಟಿಯಾಗಿ. "ಹಾಡುಹಗಲಿನಷ್ಟು ಸ್ಪಷ್ಟ."

ಥರ್ಮನ್ ನೋಡಿದ. ಅವನು ನಿನ್ನೆ ತಾನೇ ಅದೇ ಗಾಜಿನಲ್ಲಿ ಒಂದೇ ಚುಕ್ಕೆ ನೋಡಿ ಗುರಿ ಹೊಂದಿಸಿದ್ದ. ಈಗ ಅವನ ಕಣ್ಣು ಗಾಜನ್ನು ಬಿಟ್ಟು ಅಟ್ಟದ ಮೇಲಿನ ಹನ್ನೊಂದು ಡಬ್ಬಿಗಳತ್ತ ಹೋಯಿತು.

"ಹೌದು ಮತ್ತೆ. ಈ ವರ್ಷದ ಹೊಸದು."

ಕೊನೆಗೆ ಬಂದೂಕು ರಾಯ್ಸ್‌ನ ಕೈಗೆ ಬಂತು. ಅವನು ಬಹಳ ಹೊತ್ತು ನೋಡಿದ. ಎಡಗಣ್ಣಿನಲ್ಲಿ ನೋಡಿದ, ಬಲಗಣ್ಣಿನಲ್ಲಿ ನೋಡಿದ. ಕತ್ತು ಓರೆ ಮಾಡಿದ. ಮುಖದ ನಗು ಮೆಲ್ಲಗೆ ಇಳಿದುಹೋಯಿತು.

"ಎಷ್ಟಪ್ಪಾ ಕಾಣ್ತಿದೆ?" ಎಂದ ಬ್ಯೂಯೆಲ್, ಕೊಂಚ ಗಾಬರಿಯಿಂದಲೇ.

"ಎಷ್ಟಿದೆಯೋ ಅಷ್ಟೇ," ಎಂದು ರಾಯ್ಸ್ ಬಂದೂಕು ಕೆಳಗಿಟ್ಟು ಹೊರಟುಹೋದ.

ಆಮೇಲಿನ ಕತೆ ಡೆನ್‌ಜಿಲ್‌ನ ಕೈಯಲ್ಲಿ ಇರಲಿಲ್ಲ. ನಾಲ್ಕು ದಿನದಲ್ಲಿ ಹನ್ನೊಂದು ಡಬ್ಬಿಗಳೂ ಖರ್ಚಾದವು. ಮೊದಲ ಡಬ್ಬಿ ಕೊಂಡವನು ರಾಯ್ಸ್, ಅದೂ ಹಿಂಬಾಗಿಲಿನಿಂದ. ಕೊಂಡವರೆಲ್ಲ ಒಬ್ಬೊಬ್ಬರಾಗಿ ಥರ್ಮನ್‌ನ ಬಳಿ ಬಂದು, ಯಾರೂ ಇಲ್ಲದ್ದು ನೋಡಿಕೊಂಡು ಕಿವಿಯಲ್ಲಿ ಕೇಳುತ್ತಿದ್ದರು: "ಉಳಿದೆರಡು ಯಾವಾಗ ಬರುತ್ತೆ?" ಥರ್ಮನ್ ಭಾರವಾದ ದನಿಯಲ್ಲಿ, "ಕಣ್ಣು ಪಳಗ್ಬೇಕು. ಎಲ್ಲರ ಕಣ್ಣೂ ಒಂದೇ ಸಮ ಇರುತ್ತಾ?" ಎನ್ನುತ್ತಿದ್ದ. ಅವರು ತಲೆ ತಗ್ಗಿಸಿ ಹೋಗುತ್ತಿದ್ದರು. ಹೊರಗೆ ಬಂದು ಕೇಳಿದವರಿಗೆಲ್ಲ ಮೂರು ಎನ್ನುತ್ತಿದ್ದರು.

ರಾಯ್ಸ್ ನಲವತ್ತು ಮೈಲಿ ಓಡಿಸಿಕೊಂಡು ಕಣ್ಣಿನ ಡಾಕ್ಟರ ಬಳಿ ಹೋದ. ನಿನ್ನ ಕಣ್ಣು ಗಿಡುಗನ ಕಣ್ಣಿನಂತಿದೆ ಎಂದು ಡಾಕ್ಟರು ಹೇಳಿದರೂ ಅವನು ನಂಬಲಿಲ್ಲ. ಜಗಳವಾಡಿ, ಬರೀ ಕಿಟಕಿ ಗಾಜಿನಂಥ ಒಂದು ಕನ್ನಡಕ ಮಾಡಿಸಿಕೊಂಡು ಬಂದ. ಅದನ್ನು ಹಾಕಿಕೊಂಡು ಊರೆಲ್ಲ ತಿರುಗಿ, "ನಂಗೂ ಮೂರು, ಭಾವನಿಗಿಂತ ಚೆನ್ನಾಗಿ ಕಾಣುತ್ತೆ" ಎಂದು ಹೇಳಿಕೊಂಡ.

ಭಾನುವಾರ ಚರ್ಚಿನಲ್ಲಿ ಪಾದ್ರಿ ಬ್ರದರ್ ಹೋಲಿಸ್ ಉಪದೇಶಕ್ಕೆ ನಿಂತರು. ಅವರೂ ಒಂದು ಡಬ್ಬಿ ಕೊಂಡಿದ್ದರು.

"ಒಂದೇ ಗಾಜು, ಆದರೆ ಬೆಳಕು ಮೂರು," ಎಂದರು. "ತಂದೆ, ಮಗ, ಪವಿತ್ರಾತ್ಮ. ಕೆಲವರು ಒಂದನ್ನೇ ಕಾಣುತ್ತಾರೆ. ಯಾಕೆ? ವಿಶ್ವಾಸ ಸಾಲದು! ನಮ್ಮ ಸಹೋದರ ಡೆನ್‌ಜಿಲ್ ಮೂರನ್ನೂ ಕಂಡ."

ಇಡೀ ಸಭೆ ತಿರುಗಿ ಡೆನ್‌ಜಿಲ್‌ನನ್ನು ನೋಡಿತು. ಅವನು ಹಾಡಿನ ಪುಸ್ತಕದೊಳಗೆ ಮುಖ ಹುದುಗಿಸಿದ. ಇಷ್ಟರಲ್ಲಿ ಅವನಿಗೆ, ಮೂರು ಕಾಣುವುದು ತನಗೊಬ್ಬನಿಗೇ ಇರಬಹುದೇ ಎಂಬ ಅನುಮಾನ ಹುಟ್ಟಿತ್ತು. ಊರಿನಲ್ಲಿ ಹನ್ನೊಂದು ಮಂದಿ ತಮ್ಮ ತಮ್ಮ ಗಾಜಿನಲ್ಲಿ ನೋಡಿ ಕದ್ದು ಕದ್ದು ಕಣ್ಣು ಉಜ್ಜಿಕೊಳ್ಳುವುದನ್ನು ಅವನು ನೋಡಿದ್ದ.

ಆ ಸಂಜೆ ಹಿತ್ತಲಿನಲ್ಲಿ ವರ್ಲೀನ್ ಮೂರು ಕಾಗದದ ತಟ್ಟೆಯ ಮೇಲೆ ಹುಂಜದ ತಲೆ ಬರೆದು ಬೇಲಿಗೆ ಸಿಕ್ಕಿಸಿದಳು. ಡೆನ್‌ಜಿಲ್ ಅಗ್ಗದ ತೋಟಾ ಹಾಕಿಕೊಂಡು ಎಡ ಚುಕ್ಕೆಯಿಂದ ಒಂದು, ಬಲ ಚುಕ್ಕೆಯಿಂದ ಒಂದು ಹಾರಿಸಿದ. ಒಂದು ಬೇಲಿಗೆ ಬಿತ್ತು, ಒಂದು ಬೆದರುಬೊಂಬೆಯ ಟೋಪಿಗೆ. ನಡುವಿನ ಚುಕ್ಕೆಯನ್ನು ಹುಡುಕುವುದರೊಳಗೆ ಮೂರೂ ಕಲಸಿಹೋಗಿ, ತಲೆ ಎತ್ತಿ ನೋಡಿಯೇ ಬಿಟ್ಟ. ಮೂರನೆಯದು ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ. ತಟ್ಟೆಗಳು ಮೂರೂ ಮಾರಾಟಕ್ಕಿಟ್ಟಂತೆ ಹೊಸದಾಗಿದ್ದವು.

"ನೀನೊಂದ್ಸಲ ನೋಡು ವರ್ಲೀನ್," ಎಂದ ಮೆಲ್ಲಗೆ, ಬಂದೂಕು ಚಾಚಿ.

"ನಾನು ನೋಡಲ್ಲ."

"ಯಾಕೆ?"

"ನೋಡಿದ್ರೆ ಹೇಳ್ಬೇಕಾಗುತ್ತೆ," ಎಂದು ಅವಳು ತಟ್ಟೆಗಳನ್ನು ಎತ್ತಿಕೊಂಡು, ಚೆನ್ನಾಗಿವೆ, ಊಟಕ್ಕೆ ಬರುತ್ತವೆ ಎಂದು ಒಳಗೆ ಹೋದಳು.

ಮರುದಿನ ಬೇಟೆಯ ಕಾಲ ಶುರುವಾಯಿತು. ಮೂರನೇ ದಿನ ವನ್ಯಜೀವಿ ಇಲಾಖೆಯ ಹಸಿರು ಟ್ರಕ್ಕು ಡೆನ್‌ಜಿಲ್‌ನ ಕೊಟ್ಟಿಗೆಯ ಮುಂದೆ ನಿಂತಿತು. ಇಳಿದವಳು ಅಧಿಕಾರಿ ಕೋರಲೀ ಟಿಬೆಟ್ಸ್. ಆ ಹೆಂಗಸು ನಗುವುದು ಅಪರೂಪ. ನಕ್ಕರೆ ದಂಡ ಬಿತ್ತೆಂದೇ ಅರ್ಥ.

"ದೂರು ಬಂದಿದೆ, ಮಿಸ್ಟರ್ ಸ್ಟಬಲ್‌ಫೀಲ್ಡ್. ನಿಮ್ಮ ಬಂದೂಕಿಂದ ಮೂರು ಕೆಂಪು ದೀಪ ಹೊರಡುತ್ತಂತೆ. ಹುಂಜದ ತಲೆ ಕೆಂಪು ಅಂತ ಕಾಡಿಗೆ ಕೆಂಪು ಕರವಸ್ತ್ರ ಕೂಡ ಯಾರೂ ಒಯ್ಯಲ್ಲ. ಪೊದೆಯಲ್ಲಿ ಮೂರು ಕೆಂಪು ಅಲ್ಲಾಡಿದ್ರೆ ಯಾವನೋ ನಿಮಗೇ ಗುಂಡು ಹಾರಿಸ್ತಾನೆ."

"ಯಾರು ದೂರು ಕೊಟ್ಟಿದ್ದು?"

"ಹೆಸರು ಹೇಳೋ ಹಾಗಿಲ್ಲ. ನಿಮ್ಮ ಭಾವಮೈದ ಹೇಗಿದ್ದಾರೆ?"

ಡೆನ್‌ಜಿಲ್ ಬಂದೂಕಿನ ಹೊಟ್ಟೆ ಖಾಲಿ ಮಾಡಿ ತೋರಿಸಿ, ಗುರಿಗಾಜು ಬಿಚ್ಚಿ ಅವಳ ಅಂಗೈಗಿಟ್ಟ. ಅವಳು ಗಾಜಿನ ಮುಂಬದಿಯನ್ನು ಕಣ್ಣಿನ ಬಳಿ ಹಿಡಿದಳು. ಕೈ ಅಡ್ಡ ಇಟ್ಟು ನೋಡಿದಳು. ಕೊಟ್ಟಿಗೆಯ ಕತ್ತಲೆ ಮೂಲೆಗೆ ಹೋಗಿ ನೋಡಿದಳು. ಕಾಗದದ ಮೇಲೆ ಏನೋ ಬರೆದುಕೊಂಡಳು. ಆಮೇಲೆ ಗಾಜನ್ನು ನಿಧಾನವಾಗಿ ಹಿಂದುಮುಂದು ತಿರುಗಿಸತೊಡಗಿದಳು.

ಸರ್ಕಾರದ ಕಣ್ಣು ಸುಳ್ಳು ಹೇಳುವುದಿಲ್ಲ. ಅವಳು ಒಂದು ಎಂದು ಬರೆದುಕೊಂಡರೆ ಅದು ಮೊಹರಿನ ಸಮೇತ ಒಂದಾಗುತ್ತದೆ. ಊರೆಲ್ಲ ನಗುತ್ತದೆ, ಕುರುಡನಿಗೇಕೆ ಕೊಳ್ಳ ಎಂದು ಮಿಸ್ ಐಡಬೆಲ್ ಇಂದೇ ಅಪ್ಪಣೆ ಕಿತ್ತುಕೊಳ್ಳುತ್ತಾಳೆ. ಗಾಜು ಕಾಲುಭಾಗ ತಿರುಗಿತು. ಅರ್ಧ ತಿರುಗಿತು. ಅಲ್ಲಿಗೆ ನಿಂತಿತು.

"ಮುಂದಕ್ಕೆ ಬೆಳಕು ಬೀಳಲ್ಲ," ಎಂದಳು ಅಧಿಕಾರಿ. "ಕಾನೂನು ಕೇಳೋದು ಅಷ್ಟೇ. ಹಿಂದಿನಿಂದ ನಿಮಗೆ ಎಷ್ಟು ಕಾಣುತ್ತೆ ಅನ್ನೋದು ನಿಮ್ಮ ಮನೆ ವಿಷಯ." ಗಾಜನ್ನು ಅವನ ಕೈಗೆ ಕೊಟ್ಟು ಹೋದಳು. ಡೆನ್‌ಜಿಲ್ ಅದನ್ನು ಮತ್ತೆ ಬಂದೂಕಿನ ಬೆನ್ನಿಗೆ ಬಿಗಿದ.

ಸಂಜೆಗೆ ಊರಿನಲ್ಲಿ ಹೊಸ ಸುದ್ದಿ: ಮೂರು ಚುಕ್ಕೆಗೆ ಸರ್ಕಾರವೇ ಒಪ್ಪಿಗೆ ಕೊಟ್ಟಿದೆ.

ಮೂರು ವಾರ ಮುಗಿಯುತ್ತ ಬಂತು. ಡೀಕನ್ ಎರಡು ಸಲ ಬಂತು. ಪೆಟ್ಟಿಗೆಯ ದನಿಗೆ ಮರುಳಾಗಿ ಮೂವತ್ತು ಹೆಜ್ಜೆಯಲ್ಲಿ ಬಂದು ನಿಂತಿತು. ಡೆನ್‌ಜಿಲ್ ಮೂರು ಚುಕ್ಕೆಯಲ್ಲಿ ಯಾವುದೆಂದು ಆರಿಸುವುದರೊಳಗೆ ಬೇಸತ್ತು ಹೊರಟುಹೋಯಿತು. ಅವನು ಕುದುರೆ ಎಳೆಯಲೇ ಇಲ್ಲ. ತಪ್ಪಿದರೆ ಹುಂಜ ಈ ವಸಂತದಲ್ಲಿ ಮತ್ತೆ ಪೆಟ್ಟಿಗೆಯ ದನಿಗೆ ಬರುವುದಿಲ್ಲ; ಆಮೇಲೆ ಎಲ್ಲವೂ ರಾಯ್ಸ್‌ನದು.

ಕೊನೆಯ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವನು ಮರದ ಬುಡದಲ್ಲಿ ಒಣಕೊಂಬೆಗಳ ಮರೆ ಕಟ್ಟಿ ಕೂತಿದ್ದಾಗ ಹಿಂದಿನಿಂದ ಎಲೆ ಸರಿದ ಸದ್ದಾಯಿತು. ಸತ್ತ ಗಂಡನ ಹಸಿರು ಕೋಟು ತೊಟ್ಟು, ಮುಖಕ್ಕೆ ಬಲೆ ಕಟ್ಟಿಕೊಂಡು, ಮಿಸ್ ಐಡಬೆಲ್ ಬಗ್ಗಿ ಬಂದು ಅವನ ಪಕ್ಕ ಕೂತಳು.

"ಮಿಸ್ ಐಡಬೆಲ್! ಚರ್ಚು?"

"ಎಂಬತ್ತು ವರ್ಷ ತಪ್ಪದೆ ಹೋಗಿದ್ದೀನಿ. ಒಂದ್ಸಲ ಗೈರುಹಾಜರಿ ಹಾಕ್ಲಿ. ಎರಡು ಸಲ ಆ ಡೀಕನ್ ನಿನ್ನ ಮೂಗಿನ ಮುಂದೆ ಬಂದು ಹೋಗಿದ್ದನ್ನ ಅಡಿಗೆಮನೆ ಕಿಟಕಿಯಿಂದ ನೋಡಿದ್ದೀನಿ. ನಿದ್ದೆ ಮಾಡ್ತಿದ್ಯಾ ಏನು ಅಂತ ಹತ್ರದಿಂದ ನೋಡೋಕೆ ಬಂದೆ."

"ಅಲ್ಲಿಂದ ಕಾಣ್ತಾ?"

"ಚಳಿಗಾಲದಲ್ಲಿ ಎರಡೂ ಕಣ್ಣಿನ ಪೊರೆ ತೆಗೆಸ್ದೆ. ಈಗ ಇರುವೆಗೆ ಮೀಸೆ ಇದ್ರೂ ಕಾಣುತ್ತೆ. ಕೂಗು."

ಡೆನ್‌ಜಿಲ್ ಕೂಗಿದ. ಹನ್ನೊಂದಾಯಿತು, ಹನ್ನೆರಡಾಯಿತು. ದೂರದ ಚರ್ಚಿನ ಗಂಟೆ ಕೇಳಿತು. ಹನ್ನೆರಡೂವರೆಗೆ ಗುಡ್ಡದಾಚೆಯಿಂದ ಗುಡುಗಿದಂತೆ ಉತ್ತರ ಬಂತು. ಹನ್ನೆರಡು ನಲವತ್ತಕ್ಕೆ ಇನ್ನೂ ಹತ್ತಿರ. ಆಮೇಲೆ ಸದ್ದೇ ಇಲ್ಲ. ಡೆನ್‌ಜಿಲ್‌ಗೆ ತನ್ನ ಎದೆಬಡಿತವೇ ಹುಂಜ ಕಾಲು ಕೆದರಿದಂತೆ ಕೇಳಿಸಿತು. ಕೊನೆಗೆ ಬಿಳಿ ಹೂ ಬಿಟ್ಟ ಡಾಗ್‌ವುಡ್ ಮರದ ಹಿಂದಿನಿಂದ ಕೆಂಪು, ಬಿಳಿ, ನೀಲಿ ತಲೆಯೊಂದು ಹೊರಬಂತು. ಹಿಂದೆ ಬೀಸಣಿಗೆಯಂತೆ ಬಾಲ ಬಿಚ್ಚಿತು. ಡೀಕನ್.

ಹನ್ನೆರಡು ನಲವತ್ತೊಂಬತ್ತು. ನಲವತ್ತು ಹೆಜ್ಜೆ, ಮೂವತ್ತೈದು, ಮೂವತ್ತು. ಡೆನ್‌ಜಿಲ್ ಮೊಣಕಾಲಿನ ಮೇಲಿದ್ದ ಬಂದೂಕಿಗೆ ಕೆನ್ನೆ ಒತ್ತಿದ. ಮೂರು ಚುಕ್ಕೆ ಎದ್ದು ಬಂದವು. ಒಂದು ತಲೆಯ ಮೇಲೆ, ಒಂದು ಮರದ ಮೇಲೆ, ಒಂದು ಎಲ್ಲೋ ಹುಲ್ಲಿನಲ್ಲಿ. ಕಣ್ಣಿನಲ್ಲಿ ನೀರು ಬಂತು. ಚುಕ್ಕೆ ಮೂರು ಹೋಗಿ ಐದಾದವು.

"ಹಾರಿಸೋ," ಎಂದು ಮುದುಕಿ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು.

"ಮಿಸ್ ಐಡಬೆಲ್... ಯಾವ ಚುಕ್ಕೆ?"

"ಯಾವ ಚುಕ್ಕೆ ಅಂದ್ರೆ?"

"ಎಡದ್ದಾ, ಬಲದ್ದಾ, ನಡುವಿಂದಾ?"

ಮುದುಕಿ ಹುಂಜದ ಮೇಲಿನ ದೃಷ್ಟಿ ತೆಗೆಯದೆ, ಕೂದಲೆಳೆಯಷ್ಟೇ ಕತ್ತು ಸರಿಸಿ, ಅವನ ಕಿವಿಯ ಪಕ್ಕದಿಂದ ಗಾಜಿನೊಳಗೆ ನೋಡಿದಳು.

"ಒಂದೇ ಇದೆಯಲ್ಲೋ."

"ನಂಗೆ ಮೂರು ಕಾಣ್ತಿದೆ. ಈಗ ಐದು."

"ಯಾವಾಗಿಂದ?"

"ಮೊದಲಿಂದಲೂ. ನಾನೇ ಸುಮ್ನೆ ಅಂದೆ, ಎಲ್ಲಾರೂ ಹೌದು ಅಂದ್ರು." ಡೆನ್‌ಜಿಲ್‌ನ ದನಿ ಅಳುವಿನ ಅಂಚಿಗೆ ಬಂದಿತ್ತು.

"ಕೊಡಿಲ್ಲಿ ಬಂದೂಕು."

"ಈಗ ಅಲ್ಲಾಡಿದ್ರೆ ಓಡೋಗುತ್ತೆ!"

"ಬೆನ್ನು ತಿರುಗಿಸ್ಲಿ. ಬಾಲ ಅಡ್ಡ ಬಂದಾಗ ಅದರ ಕಣ್ಣಿಗೆ ನಾವು ಕಾಣಲ್ಲ."

ಡೀಕನ್ ಗಂಭೀರವಾಗಿ ತಿರುಗಿತು. ಬಾಲದ ಬೀಸಣಿಗೆ ತಲೆಯನ್ನು ಮುಚ್ಚಿತು. ಬಂದೂಕು ಡೆನ್‌ಜಿಲ್‌ನ ಮೊಣಕಾಲಿನಿಂದ ಒಂದು ಗೇಣು ಸರಿಯಿತು. ಹುಂಜ ಈ ಕಡೆ ತಿರುಗಿತು. ಇಬ್ಬರೂ ಕಲ್ಲಾದರು, ಬಂದೂಕು ಇಬ್ಬರ ನಡುವೆ ಗಾಳಿಯಲ್ಲಿ ನಿಂತಿತು. ಡೆನ್‌ಜಿಲ್‌ನ ಮೂಗಿನ ಮೇಲೆ ಸೊಳ್ಳೆ ಕೂತು ಸಾವಕಾಶವಾಗಿ ಊಟ ಮುಗಿಸಿತು. ಹುಂಜ ಮತ್ತೆ ಬೆನ್ನು ತಿರುಗಿಸಿತು. ಇನ್ನೊಂದು ಗೇಣು. ಮತ್ತೊಮ್ಮೆ ತಿರುಗಿತು, ಮತ್ತೊಮ್ಮೆ ಕಲ್ಲು. ಹನ್ನೆರಡು ಐವತ್ತಾರು. ಬಂದೂಕಿನ ಹಿಡಿ ಮುದುಕಿಯ ಭುಜ ಸೇರಿತು.

"ಒಂದು ಸಣ್ಣ ಕೂಗು ಕೊಡು. ತಲೆ ಎತ್ತಲಿ."

ಡೆನ್‌ಜಿಲ್ ಪೆಟ್ಟಿಗೆಯ ಮುಚ್ಚಳವನ್ನು ಉಗುರಿನಷ್ಟು ಸರಿಸಿದ. ಕ್ರುಕ್. ಡೀಕನ್ ಬಾಲ ಮಡಿಸಿ ಕತ್ತು ನಿಗುರಿಸಿತು. ಕೊಳ್ಳವೆಲ್ಲ ಢಂ ಎಂದಿತು.

ಹೊಗೆ ಕರಗಿದಾಗ ಹುಂಜ ಬಿದ್ದಲ್ಲೇ ಬಿದ್ದಿತ್ತು. ಮುದುಕಿಯೂ ಒದೆಗೆ ಹಿಂದಕ್ಕೆ ಬಿದ್ದಿದ್ದಳು, ಆದರೆ ನಗುತ್ತಿದ್ದಳು.

ಒಂದು ಗಂಟೆಯ ಗಡುವು ಯಾರಾದರೂ ಮೀರುತ್ತಾರೆಯೇ ಎಂದು ಬೇಲಿಯ ಬಳಿ ಕಾಯುತ್ತಿದ್ದ ಅಧಿಕಾರಿ ಕೋರಲೀ ಗಡಿಯಾರ ನೋಡುತ್ತ ಇಳಿದು ಬಂದಳು. "ಒಂದಕ್ಕೆ ಮೂರು ನಿಮಿಷ ಇದೆ. ಯಾರು ಹೊಡೆದಿದ್ದು?"

"ನಾನು," ಎಂದು ಮಿಸ್ ಐಡಬೆಲ್ ಕೋಟಿನ ಜೇಬಿನಿಂದ ಒಂದು ಚೀಟಿ ತೆಗೆದಳು. "ಸ್ವಂತ ಜಮೀನಿನವರಿಗೆ ಕೊಡೋ ಪರವಾನಗಿ. ಪ್ರತಿವರ್ಷ ತರಿಸ್ಕೋತೀನಿ. ಪುಕ್ಕಟೆ ಕೊಡೋದನ್ನ ಬಿಡೋದ್ಯಾಕೆ?"

ಆ ದಿನ ಚರ್ಚಿನ ಅಂಗಳದಲ್ಲಿ ವರ್ಷದ ಊಟ. ಓಕ್ ಮರದಡಿಯ ಉದ್ದನೆ ಮೇಜುಗಳ ಮೇಲೆ ಕರಿದ ಕೋಳಿ, ಹುರುಳಿಕಾಯಿ, ಜೋಳದ ರೊಟ್ಟಿ, ಆರು ಬಗೆಯ ಸಿಹಿ. ಇಡೀ ಊರು ತಟ್ಟೆ ಹಿಡಿದು ನಿಂತಿದ್ದಾಗ ಡೆನ್‌ಜಿಲ್ ಹೆಗಲ ಮೇಲೆ ಡೀಕನ್‌ನನ್ನು ಹೊತ್ತು ಬಂದ, ಹಿಂದೆ ಮಿಸ್ ಐಡಬೆಲ್ ಬಂದಳು. ಜನ ಹೋ ಎಂದರು. ವರ್ಲೀನ್ ಓಡಿಬಂದು ಗಂಡನ ಮುಖ ನೋಡಿ ಅಲ್ಲೇ ನಿಂತಳು. ಗೆದ್ದವನ ಮುಖ ಹಾಗಿರುವುದಿಲ್ಲ.

"ಭಾವ ಹೊಡೆದ್ರಾ?" ಎಂದ ರಾಯ್ಸ್, ಕನ್ನಡಕ ಸರಿಮಾಡಿಕೊಂಡು.

"ನಾನು ಹೊಡ್ದೆ," ಎಂದಳು ಮಿಸ್ ಐಡಬೆಲ್.

"ಹಂಗಾದ್ರೆ ಕೊಳ್ಳ ನಂದಾಯ್ತು!"

"ಡೀಕನ್ ತೊಲಗಬೇಕು ಅಂದಿದ್ದೆ, ತೊಲಗ್ತು. ಕೂಗಿ ಕರೆದೋನು ಡೆನ್‌ಜಿಲ್."

"ಮೂರು ಚುಕ್ಕೆ ಇಟ್ಕೊಂಡು ಮೂವತ್ತು ಹೆಜ್ಜೆಗೆ ಹೊಡೆಯೋಕಾಗ್ದೆ ಮುದುಕಿ ಕೈಗೆ ಬಂದೂಕು ಕೊಟ್ರಾ? ಯಾಕೆ ಭಾವ? ಹೇಳಿ, ಎಲ್ಲಾರೂ ಕೇಳ್ಲಿ."

ಡೆನ್‌ಜಿಲ್ ಹುಂಜವನ್ನು ಮೇಜಿನ ತುದಿಗೆ ಇಳಿಸಿದ. ಇಷ್ಟು ದಿನ ಮುಚ್ಚಿಟ್ಟಿದ್ದು ತಾನಾಗಿ ಹೊರಬಂತು.

"ಮೂರು ಇಲ್ಲ. ಆ ಗಾಜಲ್ಲಿ ಇರೋದು ಒಂದೇ ಚುಕ್ಕೆ. ನನ್ನ ಕಣ್ಣು ಕೆಟ್ಟಿದೆ, ಅದಕ್ಕೆ ಮೂರು ಕಂಡ್ತು. ನಾನು ನಿಮಗೆಲ್ಲ ಸುಳ್ಳು ಹೇಳ್ದೆ."

ಥರ್ಮನ್‌ನ ಮುಖ ಹುಳ್ಳಗಾಯಿತು. ಬ್ರದರ್ ಹೋಲಿಸ್ ಉಪದೇಶವನ್ನು ನೆನೆದು ಕಣ್ಣು ಮುಚ್ಚಿದರು. ಬ್ಯೂಯೆಲ್ ಪಕ್ಕದಲ್ಲೇ ನಿಂತಿದ್ದ ತನ್ನ ಹೆಣ್ಣುಮಕ್ಕಳನ್ನು ನೋಡಿದ.

"ಕೇಳಿದ್ರಾ!" ಎಂದು ರಾಯ್ಸ್ 'ಇದೇ ಬೇಕಿತ್ತು' ಎಂಬಂತೆ ಕುಣಿದ. "ಬಾಯಿಬಿಟ್ಟು ಒಪ್ಕೊಂಡ! ಊರಿಗೆಲ್ಲ ಟೋಪಿ ಹಾಕಿದೋನಿಗೆ ನಿಮ್ಮ ಜಮೀನಿಗೆ ಕಾಲಿಡೋಕೆ ಬಿಡ್ತೀರಾ, ಮಿಸ್ ಐಡಬೆಲ್?"

"ಬಿಡಲ್ಲ," ಎಂದಳು ಅವಳು. "ಸುಳ್ಳ ನನ್ನ ಕೊಳ್ಳಕ್ಕೆ ಬರಕೂಡದು. ಆದ್ರೆ ಇವನು ಈಗ ಹೇಳ್ತಿರೋದು ನಿಜಾನಾ, ಆಗ ಹೇಳಿದ್ದು ನಿಜಾನಾ? ಅದಕ್ಕೆ ಸಾಕ್ಷಿ ಬೇಕು. ಆ ಗಾಜಲ್ಲಿ ನೋಡಿ ಒಂದೇ ಚುಕ್ಕೆ ಕಂಡವರು ಯಾರಾದ್ರೂ ಇದ್ದೀರಾ?"

ಎಲ್ಲರೂ ತಮ್ಮ ತಮ್ಮ ಖಾಲಿ ತಟ್ಟೆಯನ್ನು ಪರೀಕ್ಷಿಸತೊಡಗಿದರು.

"ಬ್ಯೂಯೆಲ್?"

"ಮೂರು!" ಎಂದ ಬ್ಯೂಯೆಲ್ ಮಕ್ಕಳಿಗೆ ಕೇಳುವಂತೆ. "ಡೆನ್‌ಜಿಲ್‌ಗೆ ಬಿಸಿಲು ಹೊಡೆದಿದೆ ಪಾಪ, ಏನೇನೋ ಅಂತಾನೆ."

"ಥರ್ಮನ್?"

"ಮೂರು ಅಂತ ಹೇಳಿಯೇ ಮಾರಿದ್ದು, ಮೇಡಂ."

"ಪಾದ್ರಿಗಳೇ?"

ಬ್ರದರ್ ಹೋಲಿಸ್ ಆಕಾಶ ನೋಡಿದರು. "ವಿಶ್ವಾಸದ ಕಣ್ಣಿಗೆ..." ಎಂದು ಶುರುಮಾಡಿ ಅಲ್ಲಿಗೇ ಬಿಟ್ಟರು.

"ಸರಿ," ಎಂದಳು ಮಿಸ್ ಐಡಬೆಲ್. "ಉಳಿದೋನು ನೀನೊಬ್ಬ, ರಾಯ್ಸ್. ಹೊಸ ಕನ್ನಡಕ ಬೇರೆ ಇದೆ. ನೀನು ಒಂದೇ ಕಂಡೆ ಅಂದ್ರೆ ಡೆನ್‌ಜಿಲ್ ಸುಳ್ಳ, ಕೊಳ್ಳ ಈಗಿಂದೀಗ ನಿಂದು. ಎಷ್ಟು ಕಂಡೆ?"

ರಾಯ್ಸ್ ಬಾಯಿ ತೆರೆದ. ತುಟಿ ಒಂದರ ಆಕಾರಕ್ಕೆ ಬಂತು. ಅಷ್ಟರಲ್ಲಿ ಅವನು ಒಮ್ಮೆ ಸುತ್ತ ನೋಡಿದ. ಭಾವನಿಗಿಂತ ಚೆನ್ನಾಗಿ ಮೂರು ಕಾಣುತ್ತದೆ ಎಂದು ಅವನು ಯಾರ್ಯಾರ ಮುಂದೆ ಕೊಚ್ಚಿಕೊಂಡಿದ್ದನೋ ಅವರೆಲ್ಲ ತಟ್ಟೆ ಹಿಡಿದು ಅವನನ್ನೇ ನೋಡುತ್ತಿದ್ದರು. ಒಬ್ಬೊಬ್ಬರ ಕಣ್ಣಿನಲ್ಲೂ ಒಂದೇ ಬೇಡಿಕೆ: ಹೇಳಬೇಡ. ಹಿಂದೆ ನೂರು ಎಕರೆ ಓಕ್ ಕಾಡು, ಮುಂದೆ ಇಡೀ ಊರು. ಅವನ ಹಣೆಯಲ್ಲಿ ಬೆವರು ಇಳಿದು ಕನ್ನಡಕದ ಗಾಜು ಮಂಜಾಯಿತು.

"ಬೇಗ ಹೇಳು, ಊಟ ಆರ್ತಿದೆ," ಎಂದಳು ಮಿಸ್ ಐಡಬೆಲ್.

"ಮೂರು," ಎಂದ ರಾಯ್ಸ್.

"ಏನು?"

"ಮೂರು ಕಂಡೆ!"

"ಹಂಗಾದ್ರೆ ಡೆನ್‌ಜಿಲ್ ಮೊದಲು ಹೇಳಿದ್ದೇ ನಿಜ," ಎಂದು ಅವಳು ತೀರ್ಪು ಕೊಟ್ಟಳು. "ಕೊಳ್ಳ ಅವನದೇ. ಬ್ರದರ್ ಹೋಲಿಸ್, ಪ್ರಾರ್ಥನೆ ಹೇಳಿ."

ಬ್ರದರ್ ಹೋಲಿಸ್ ಪ್ರಾರ್ಥನೆ ಹೇಳಿದರು. ಇಡೀ ಊರು ಒಂದೇ ದನಿಯಲ್ಲಿ ಆಮೆನ್ ಎಂದಿತು. ಎಲ್ಲರಿಗಿಂತ ಗಟ್ಟಿಯಾಗಿ ಕೇಳಿಸಿದ್ದು ಥರ್ಮನ್‌ನ ದನಿ, ಎಲ್ಲರಿಗಿಂತ ತಡವಾಗಿ ರಾಯ್ಸ್‌ನದು.